ಕಬಿಂಡಾ ಅಂಗೋಲಾದಿಂದ ತುಂಡಾಗಿ ಬಿದ್ದಿರುವುದಕ್ಕೆ ತೈಲವೇ ಕಾರಣವೇ?

ಅಂಗೋಲಾದ ನಕ್ಷೆಯಲ್ಲಿ ಮೇಲ್ಗಡೆ ಒಂದು ತುಂಡು ಬೇರೆಯಾಗಿ ಬಿದ್ದಿದೆಯಲ್ಲ, ಅಲ್ಲಿ ತೈಲ ಸಿಕ್ಕಿತೆಂದೇ ಅದನ್ನು ಕತ್ತರಿಸಿದರೇ ಎಂದು ಕೇಳಿದ್ದೀರಿ. ಇಲ್ಲ. ಕತ್ತರಿಸಿದ್ದು 1885ರಲ್ಲಿ, ಕಡಲಿನಡಿ ತೈಲ ಸಿಕ್ಕಿದ್ದು 1966ರಲ್ಲಿ. ಆದರೆ ಆ ತುಂಡನ್ನು ರಾಜಧಾನಿ ಲುವಾಂಡಾ ಇಂದಿಗೂ ಬಿಗಿಯಾಗಿ ಹಿಡಿದುಕೊಂಡಿರುವುದಕ್ಕೆ ತೈಲವೇ ಮುಖ್ಯ ಕಾರಣ ಎಂದು ನಾನು ನಂಬಿದ್ದೇನೆ.

ಕಬಿಂಡಾ ನಮ್ಮ ಹಾಸನ ಜಿಲ್ಲೆಗಿಂತ ತುಸು ದೊಡ್ಡದು, ಅಷ್ಟೇ. ಕಾಂಗೋ ನದಿಯ ಅಳಿವೆಯ ಬಳಿ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ಒಂದು ಸಣ್ಣ ಪಟ್ಟಿ ಕಬಿಂಡಾಕ್ಕೂ ಉಳಿದ ಅಂಗೋಲಾಕ್ಕೂ ನಡುವೆ ಕಡಲಿನವರೆಗೆ ಚಾಚಿಕೊಂಡಿದೆ. ಆ ಪಟ್ಟಿ ಬೆಲ್ಜಿಯಂ ದೊರೆ ಎರಡನೇ ಲಿಯೋಪೋಲ್ಡ್‌ನಿಗಾಗಿ ಆದದ್ದು. ಕಾಂಗೋದ ಒಳನಾಡನ್ನು ನುಂಗಲು ಹೊರಟಿದ್ದ ಅವನಿಗೆ ಸಮುದ್ರಕ್ಕೆ ದಾರಿ ಬೇಕಿತ್ತು. 1885ರ ಫೆಬ್ರವರಿ 1ರಂದು, ಅಂಗೋಲಾವನ್ನು ವಸಾಹತು ಮಾಡಿಕೊಂಡಿದ್ದ ಪೋರ್ಚುಗಲ್, ಸಿಮುಲಾಂಬುಕೊ ಎಂಬಲ್ಲಿ ಕಬಿಂಡಾದ ಮುಖಂಡರೊಂದಿಗೆ ಒಪ್ಪಂದ ಮಾಡಿಕೊಂಡು, ನಿಮ್ಮ ನೆಲಕ್ಕೆ ನಾವು ರಕ್ಷಕರು ಎಂದು ಬರೆದುಕೊಟ್ಟಿತು. ಇನ್ನೂ ಎರಡು ವಾರ ಕಳೆಯುವಷ್ಟರಲ್ಲಿ, ಯುರೋಪಿನ ದೇಶಗಳು ಆಫ್ರಿಕಾದ ಹಂಚಿಕೆಯ ಬಗ್ಗೆ ಮಾತಾಡಲು ಸೇರಿದ್ದ ಬರ್ಲಿನ್ ಸಮ್ಮೇಳನ ನಡೆಯುತ್ತಿರುವಾಗಲೇ, ನದಿಯ ಉತ್ತರ ದಡವನ್ನು ಲಿಯೋಪೋಲ್ಡ್‌ನ ಸಂಸ್ಥೆಗೆ ಬಿಟ್ಟುಕೊಟ್ಟಿತು. ಕಬಿಂಡಾ ಅತ್ತ ಉಳಿಯಿತು, ಅಂಗೋಲಾ ಇತ್ತ.

ಇದರಿಂದಲೇ ಅಲ್ಲಿನ ಪ್ರತ್ಯೇಕತಾವಾದಿಗಳ ವಾದ ಹುಟ್ಟುತ್ತದೆ. ನಾವು ಒಪ್ಪಂದದಿಂದ ಪೋರ್ಚುಗಲ್‌ನ ಆಶ್ರಯಕ್ಕೆ ಬಂದವರು, ಅಂಗೋಲಾದ ಭಾಗವಾಗಿ ಬಂದವರಲ್ಲ ಎನ್ನುತ್ತಾರೆ. ಈ ಮಾತನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. 1933ರ ಪೋರ್ಚುಗೀಸ್ ಸಂವಿಧಾನವೇ ಕಬಿಂಡಾವನ್ನೂ ಅಂಗೋಲಾವನ್ನೂ ಬೇರೆ ಬೇರೆಯಾಗಿ ಹೆಸರಿಸಿತ್ತು. ಆಡಳಿತವನ್ನು ಒಂದುಗೂಡಿಸಿದ್ದು 1956ರಲ್ಲಿ. ಕಬಿಂಡಾ ವಿಮೋಚನೆಗಾಗಿ ಹೋರಾಡುವ ಫ್ಲೆಕ್ ಸಂಘಟನೆ ಹುಟ್ಟಿದ್ದು 1963ರಲ್ಲಿ, ಅಂದರೆ ತೈಲ ಸಿಗುವ ಮೊದಲೇ. 1975ರ ಜನವರಿಯಲ್ಲಿ ಅಂಗೋಲಾದ ಸ್ವಾತಂತ್ರ್ಯದ ಕುರಿತು ಪೋರ್ಚುಗಲ್‌ನ ಆಲ್ವೋರ್‌ನಲ್ಲಿ ಒಪ್ಪಂದವಾದಾಗ ಮೂರು ಅಂಗೋಲಾ ಸಂಘಟನೆಗಳಿಗೆ ಆಹ್ವಾನವಿತ್ತು, ಫ್ಲೆಕ್‌ಗೆ ಇರಲಿಲ್ಲ. ಕಬಿಂಡಾ ಅಂಗೋಲಾದ ಅವಿಭಾಜ್ಯ ಅಂಗ ಎಂಬ ವಾಕ್ಯ ಮಾತ್ರ ಆ ಒಪ್ಪಂದದಲ್ಲಿ ಸೇರಿತು. ಅದೇ ವರ್ಷ ನವೆಂಬರ್‌ನಲ್ಲಿ ಝೈರ್ (ಇಂದಿನ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯ) ಸೈನಿಕರ ಜೊತೆಗೂಡಿ ಫ್ಲೆಕ್ ಒಳನುಗ್ಗಿತು. ಆ ಮೂರು ಸಂಘಟನೆಗಳಲ್ಲಿ ಅಧಿಕಾರ ಹಿಡಿದ ಎಂಪಿಎಲ್ಎಯ ಪಡೆಗಳೂ ಅದರ ನೆರವಿಗೆ ಬಂದಿದ್ದ ಕ್ಯೂಬಾದವರೂ ಸೇರಿ ಹಿಮ್ಮೆಟ್ಟಿಸಿದರು.

ನನಗೆ ಅತ್ಯಂತ ವಿಚಿತ್ರವೆನಿಸುವುದು ಅದರ ಮುಂದಿನ ಕಥೆ. ಮಾರ್ಕ್ಸ್‌ವಾದಿ ಎಂಪಿಎಲ್ಎ ಸರ್ಕಾರದ ಬೊಕ್ಕಸ ತುಂಬುತ್ತಿದ್ದುದು ಕಬಿಂಡಾದ ತೈಲದಿಂದ. ಆ ತೈಲ ತೆಗೆಯುತ್ತಿದ್ದುದು ಅಮೆರಿಕದ ಗಲ್ಫ್ ಆಯಿಲ್, ಆಮೇಲೆ ಅದನ್ನು ಕೊಂಡ ಷೆವ್ರಾನ್. ಅದಕ್ಕೆ ಕಾವಲು ನಿಂತವರು ಕ್ಯೂಬಾದ ಸೈನಿಕರು. ಕಾವಲು ಯಾರಿಂದ? ದಕ್ಷಿಣ ಆಫ್ರಿಕಾದಿಂದ ಮತ್ತು ಅಮೆರಿಕವೇ ಬೆನ್ನು ತಟ್ಟುತ್ತಿದ್ದ ಯುನಿಟಾ ಬಂಡುಕೋರರಿಂದ! 1985ರ ಮೇ ತಿಂಗಳಲ್ಲಿ ದಕ್ಷಿಣ ಆಫ್ರಿಕಾದ ಕಮಾಂಡೋಗಳು ಕಡಲ ದಾರಿಯಿಂದ ಮಲೊಂಗೊ ತೈಲ ನೆಲೆಯ ಬಳಿ ಇಳಿದು ಸಿಕ್ಕಿಬಿದ್ದರು. ಇಬ್ಬರು ಸತ್ತರು, ನಾಯಕ ವೈನಾಂಡ್ ಡು ಟಾಯ್ಟ್ ಸೆರೆಯಾದ. ತಮ್ಮ ಗುರಿ ತೈಲ ಘಟಕವೇ ಆಗಿತ್ತೆಂದು ಅವನು ಲುವಾಂಡಾದಲ್ಲಿ ಪತ್ರಕರ್ತರ ಮುಂದೆ ಹೇಳಿದ. ಕೃತ್ಯವನ್ನು ಯುನಿಟಾದ ತಲೆಗೆ ಕಟ್ಟುವ ಸಿದ್ಧತೆಯೂ ಅವರಲ್ಲಿತ್ತು.

ಕಚ್ಚಾ ತೈಲದ ಹಡಗಿನ ಎಂಜಿನ್ ವಿಭಾಗದಲ್ಲಿದ್ದಾಗ ಮಲೊಂಗೊಗೆ ಸರಕು ತುಂಬಲು ಹೋಗಿದ್ದೇನೆ. ದಡಕ್ಕೆ ಇಳಿಯಲು ನಮಗೆ ಅನುಮತಿ ಇರಲಿಲ್ಲ, ಹಾಗಾಗಿ ಊರು ಹೇಗಿದೆ ಎಂದು ಕೇಳಬೇಡಿ. ಕಂಡದ್ದು ಇಷ್ಟು: ಕಡಲಲ್ಲಿ ಸಾಲು ಸಾಲು ತೈಲ ವೇದಿಕೆಗಳು, ರಾತ್ರಿಯೆಲ್ಲ ಉರಿಯುವ ಅನಿಲದ ಜ್ವಾಲೆ, ಆ ಬೆಳಕಿನಲ್ಲೇ ಬಲೆ ಬೀಸುವ ಪುಟ್ಟ ದೋಣಿಗಳು. ಪೈಪ್ ಜೋಡಿಸಲು ಬಂದಿದ್ದ ಸ್ಥಳೀಯ ಕೆಲಸಗಾರನೊಬ್ಬನನ್ನು ಮನೆಯ ಬಗ್ಗೆ ವಿಚಾರಿಸಿದಾಗ ಅವನು ಮೊದಲು ಬೈದದ್ದು ಕರೆಂಟನ್ನು.

ತೈಲ ತೆರಿಗೆಯ ಶೇಕಡಾ 10ರಷ್ಟು ಪ್ರಾಂತ್ಯಕ್ಕೆ ಮರಳಬೇಕೆಂಬ ನಿಯಮವೇನೋ ಇದೆ. ಅದು ಸಾಲದು, ಬಂದದ್ದೂ ಜನರವರೆಗೆ ತಲುಪುವುದಿಲ್ಲ ಎಂಬ ದೂರು ಹಳೆಯದು. ದಶಕಗಳ ಕಾಲ ಇಲ್ಲಿನ ಕಚ್ಚಾ ತೈಲ ಹೊರಗೆ ಹೋಗುತ್ತಿತ್ತು, ಪೆಟ್ರೋಲು ಹೊರಗಿನಿಂದ ಬರುತ್ತಿತ್ತು. ಕಬಿಂಡಾದಲ್ಲೇ ಸಂಸ್ಕರಣಾಗಾರ ಉದ್ಘಾಟನೆಯಾದದ್ದು 2025ರ ಸೆಪ್ಟೆಂಬರ್‌ನಲ್ಲಿ. ಮೊದಲ ಹಂತದ ಸಾಮರ್ಥ್ಯ ದಿನಕ್ಕೆ 30,000 ಬ್ಯಾರೆಲ್.

ಬಂಡಾಯ ಮುಗಿಯಿತೇ ಎಂದೂ ಕೇಳಿದ್ದೀರಿ. 2006ರಲ್ಲಿ ಫ್ಲೆಕ್‌ನ ನಾಯಕರಲ್ಲೊಬ್ಬರಾದ ಬೆಂಟೊ ಬೆಂಬೆ ಸರ್ಕಾರದೊಂದಿಗೆ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿ ಸಚಿವರೂ ಆದರು. ಉಳಿದ ಬಣಗಳು ಒಪ್ಪಲಿಲ್ಲ. 2010ರ ಜನವರಿಯಲ್ಲಿ ಆಫ್ರಿಕಾ ಕಪ್ ಫುಟ್‌ಬಾಲ್‌ಗೆ ಬರುತ್ತಿದ್ದ ಟೋಗೊ ತಂಡದ ಬಸ್ಸಿನ ಮೇಲೆ ಗುಂಡಿನ ದಾಳಿ ನಡೆದಾಗ ಜಗತ್ತು ಮೊದಲ ಸಲವೋ ಎಂಬಂತೆ ಈ ಹೆಸರನ್ನು ಕೇಳಿತು. ಸತ್ತ ಸಹಾಯಕ ತರಬೇತುದಾರನಿಗೂ ಮಾಧ್ಯಮ ಅಧಿಕಾರಿಗೂ ಕಬಿಂಡಾದ ಜಗಳಕ್ಕೂ ಯಾವ ಸಂಬಂಧವೂ ಇರಲಿಲ್ಲ. ಫ್ಲೆಕ್‌ನ ವಾದದಲ್ಲಿ ಹುರುಳಿದೆ ಎನ್ನುವ ನಾನೂ ಆ ದಾಳಿಯನ್ನು ಸಮರ್ಥಿಸಲಾರೆ.

ಕಬಿಂಡಾ ಪ್ರತ್ಯೇಕ ದೇಶವಾಗುವುದು ಸದ್ಯಕ್ಕಂತೂ ಸಾಧ್ಯವಿಲ್ಲ. ವಸಾಹತು ಕಾಲದ ಗಡಿಗಳನ್ನು ಮುಟ್ಟಬಾರದೆಂದು ಆಫ್ರಿಕಾದ ದೇಶಗಳು 1964ರಲ್ಲೇ ಕೈರೋದಲ್ಲಿ ನಿರ್ಣಯಿಸಿವೆ, ಅಕ್ಕಪಕ್ಕದ ಎರಡೂ ಕಾಂಗೋಗಳಿಗೆ (ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯ ಮತ್ತು ಕಾಂಗೋ ಗಣರಾಜ್ಯ) ಲುವಾಂಡಾದ ಸ್ನೇಹ ಬೇಕು. ಈಗ ಅಂಗೋಲಾದ ದೊಡ್ಡ ಪಾಲು ತೈಲ ದಕ್ಷಿಣದ ಆಳ ಸಮುದ್ರದಿಂದ ಬರುತ್ತದೆ, ಕಬಿಂಡಾದ ಪಾಲು ಮೊದಲಿನಷ್ಟಿಲ್ಲ. ಹಾಗೆಂದು ಲುವಾಂಡಾದ ಪಟ್ಟು ಸಡಿಲವಾಗಿಲ್ಲ. ಹೆಚ್ಚೆಂದರೆ ಸ್ವಾಯತ್ತತೆಯ ಮಾತುಕತೆ ನಡೆಯಬಹುದು, ಅದೂ ಲುವಾಂಡಾಕ್ಕೆ ಮನಸ್ಸಿದ್ದರೆ.