ಕನ್ನಡದ ಹಳೆಯ ಕಲಾತ್ಮಕ ಚಿತ್ರಗಳನ್ನು ಎಲ್ಲಿಂದ ನೋಡಲು ಆರಂಭಿಸಬೇಕು?

ಪ್ರಶಸ್ತಿ ಪಡೆದ ಕನ್ನಡ ಚಿತ್ರಗಳ ಪಟ್ಟಿಯೊಂದನ್ನು ಎದುರಿಗಿಟ್ಟುಕೊಂಡು ಮೊದಲಿನಿಂದ ನೋಡುತ್ತ ಹೊರಟೆ, ‘ಸಂಸ್ಕಾರ’ ಅರ್ಧಕ್ಕೆ ನಿಂತಿತು, ‘ವಂಶವೃಕ್ಷ’ ಕಾಲು ಭಾಗವೂ ಮುಗಿಯಲಿಲ್ಲ, ನೋಡುತ್ತ ಕುಳಿತರೆ ನಿದ್ದೆ ಬರುತ್ತದೆ, ದೋಷ ನನ್ನದೋ ಚಿತ್ರಗಳದೋ ಎಂದು ಕೇಳಿದ್ದೀರಿ. ಹೆಚ್ಚು ಜನ ನೋಡದ, ಆದರೂ ನೋಡಲೇಬೇಕಾದ ಚಿತ್ರಗಳಿಗೆ ಯಾವ ಬಾಗಿಲಿನಿಂದ ಒಳಹೋಗಬೇಕು ಎಂಬುದು ನಿಮ್ಮ ಪ್ರಶ್ನೆಯ ಉಳಿದರ್ಧ. ದೋಷ ಆ ಪಟ್ಟಿಯದು ಎಂದೇ ನನ್ನ ಅಭಿಪ್ರಾಯ.

ಅಂಥ ಪಟ್ಟಿಗಳು ಇಸವಿಯ ಕ್ರಮದಲ್ಲಿ ಇರುತ್ತವೆ. ಇಸವಿಯ ಕ್ರಮದಲ್ಲಿ ಹೋದರೆ ಹೊಸಬರಿಗೆ ಅತಿ ಕಠಿಣವಾದ ಚಿತ್ರವೇ ಮೊದಲು ಎದುರಾಗುತ್ತದೆ. 1970ರ ‘ಸಂಸ್ಕಾರ’ದ ಮೂಲವಾದ ಯು.ಆರ್. ಅನಂತಮೂರ್ತಿಯವರ ಕಾದಂಬರಿಯಲ್ಲಿ ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರ ತೊಳಲಾಟವೆಲ್ಲ ಅವರ ಮನಸ್ಸಿನೊಳಗೆ, ಗದ್ಯದ ಮಡಿಕೆಗಳಲ್ಲಿ ನಡೆಯುತ್ತದೆ. ಪಟ್ಟಾಭಿರಾಮ ರೆಡ್ಡಿಯವರ ಚಿತ್ರದಲ್ಲಿ ನಮ್ಮ ಕಣ್ಣಿಗೆ ಕಾಣುವುದು ಗಿರೀಶ ಕಾರ್ನಾಡರ ಮುಖ ಮತ್ತು ನಡಿಗೆ ಮಾತ್ರ. ಕಾದಂಬರಿ ಓದಿದವರು ಆ ಮುಖದ ಹಿಂದೆ ನಡೆಯುತ್ತಿರುವುದನ್ನು ತಾವೇ ತುಂಬಿಕೊಳ್ಳುತ್ತಾರೆ, ಓದದವರು ಒಬ್ಬ ಮನುಷ್ಯ ಸುಮ್ಮನೆ ಅಲೆಯುತ್ತಿರುವುದನ್ನು ನೋಡಿ ಎದ್ದುಹೋಗುತ್ತಾರೆ. ನೀವು ಎದ್ದುಹೋದದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಆ ಚಿತ್ರವನ್ನು ಸದ್ಯಕ್ಕೆ ಬದಿಗಿಡಿ. ಕೊನೆಯಲ್ಲಿ ಅದಕ್ಕೆ ಮರಳೋಣ.

ಪಟ್ಟಿಗೆ ಬದಲಾಗಿ ಒಂದು ಪುಸ್ತಕವನ್ನು ಕೈಗೆತ್ತಿಕೊಳ್ಳಿ ಎಂದು ನನ್ನ ಸಲಹೆ. ಪೂರ್ಣಚಂದ್ರ ತೇಜಸ್ವಿಯವರ ‘ಅಬಚೂರಿನ ಪೋಸ್ಟಾಫೀಸು’ ಒಂದು ಚಿಕ್ಕ ಕಥಾಸಂಕಲನ. ಅದರೊಳಗಿನ ನಾಲ್ಕು ಕಥೆಗಳು ಐವತ್ತು ವರ್ಷಗಳ ಅಂತರದಲ್ಲಿ, ನಾಲ್ವರು ಬೇರೆ ಬೇರೆ ನಿರ್ದೇಶಕರ ಕೈಯಲ್ಲಿ ಚಿತ್ರಗಳಾಗಿವೆ: ಎನ್. ಲಕ್ಷ್ಮೀನಾರಾಯಣರ ‘ಅಬಚೂರಿನ ಪೋಸ್ಟಾಫೀಸು’ (1973), ಗಿರೀಶ ಕಾಸರವಳ್ಳಿಯವರ ‘ತಬರನ ಕಥೆ’ (1986), ಸದಾನಂದ ಸುವರ್ಣರ ‘ಕುಬಿ ಮತ್ತು ಇಯಾಲ’, ಶಶಾಂಕ್ ಸೋಗಾಲ್ ಅವರ ‘ಡೇರ್‌ಡೆವಿಲ್ ಮುಸ್ತಾಫಾ’ (2023). ಕನ್ನಡದ ಮತ್ತೊಂದು ಕಥಾಸಂಕಲನಕ್ಕೆ ಇಂಥ ಭಾಗ್ಯ ಒದಗಿದ್ದು ನನಗೆ ನೆನಪಿಗೆ ಬರುತ್ತಿಲ್ಲ. ಕಥೆಗಳು ಒಂದೇ ಸಲಕ್ಕೆ ಕುಳಿತು ಓದಿ ಮುಗಿಸುವಂಥವು. ಮಧ್ಯಾಹ್ನ ಕಥೆ ಓದಿ ರಾತ್ರಿ ಚಿತ್ರ ನೋಡಬಹುದು.

ಈ ನಾಲ್ಕರಲ್ಲಿ ಕೊನೆಯದರಿಂದ ಆರಂಭಿಸಿ. ‘ಡೇರ್‌ಡೆವಿಲ್ ಮುಸ್ತಾಫಾ’ ತೇಜಸ್ವಿಯವರ ಓದುಗರೇ ಹಣ ಕೂಡಿಸಿ ಮಾಡಿದ ಚಿತ್ರ. ಕಾಲೇಜು, ಕ್ರಿಕೆಟ್ಟು, ಹುಡುಗಾಟ ಎಲ್ಲ ಇದ್ದು, ಮುಸಲ್ಮಾನ ಹುಡುಗನೊಬ್ಬ ತರಗತಿಗೆ ಬಂದಾಗ ಉಳಿದ ಹುಡುಗರ ತಲೆಯಲ್ಲಿ ಏಳುವ ವಿಚಿತ್ರ ಭಯಗಳನ್ನು ನಗುನಗುತ್ತಲೇ ಬಿಡಿಸಿ ತೋರಿಸುತ್ತದೆ. ಸ್ವಲ್ಪ ಹೆಚ್ಚೇ ಅಲಂಕಾರ ಮಾಡಿದ್ದಾರೆ ಎನ್ನಿಸಿದರೂ ಅಬಚೂರೆಂಬ ಊರಿಗೆ ನಿಮ್ಮನ್ನು ಬಸ್ಸು ಹತ್ತಿಸುವ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಅಲ್ಲಿಂದ ಅರ್ಧ ಶತಮಾನ ಹಿಂದಕ್ಕೆ ಹೋಗಿ ಲಕ್ಷ್ಮೀನಾರಾಯಣರ ಚಿತ್ರವನ್ನು ನೋಡಿ. ಮಲೆನಾಡಿನ ಮೂಲೆಯ ಊರಿಗೆ ಅಂಚೆ ಕಚೇರಿ ಬರುತ್ತದೆ, ಅದನ್ನು ನೋಡಿಕೊಳ್ಳುವ ಬೋಬಣ್ಣನಿಗೆ ಬೇರೆಯವರ ಕಾಗದ ಒಡೆದು ಓದುವ ಚಟ ಹತ್ತುತ್ತದೆ, ಊರಿನ ನೆಮ್ಮದಿ ನಿಧಾನವಾಗಿ ಹದಗೆಡುತ್ತದೆ. ಬೋಬಣ್ಣನಾಗಿ ನಟಿಸಿರುವ ನಾಣಿಯವರ ಹೆಸರು ಇಂದು ಎಷ್ಟು ಜನರಿಗೆ ಗೊತ್ತಿದೆಯೋ ತಿಳಿಯದು. ಈ ಲಕ್ಷ್ಮೀನಾರಾಯಣರೇ 1964ರಲ್ಲಿ ರಾಜಕುಮಾರರನ್ನು ಇಟ್ಟುಕೊಂಡು, ಕಿವುಡು ಮೂಗರ ಬದುಕಿನ ಬಗ್ಗೆ ‘ನಾಂದಿ’ ಮಾಡಿದವರು. ಕನ್ನಡದ ಕಲಾತ್ಮಕ ಚಿತ್ರಗಳ ಹೊಸ ಅಲೆಯನ್ನು 1970ರಿಂದ ಎಣಿಸುವವರು ಇವರನ್ನು ಮರೆಯುತ್ತಾರೆ.

‘ತಬರನ ಕಥೆ’ಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ನಿಮ್ಮ ‘ನಿದ್ದೆ ಬರುತ್ತದೆ’ ಎಂಬ ದೂರಿಗೆ ಉತ್ತರ ಇರುವುದು ಅದರಲ್ಲಿ. ತಬರಶೆಟ್ಟಿ ಪುರಸಭೆಯ ಕೆಳದರ್ಜೆಯ ನೌಕರ, ನಿವೃತ್ತನಾಗಿದ್ದಾನೆ, ಪಿಂಚಣಿ ಬರಬೇಕು. ಹೆಂಡತಿ ಅಪ್ಪಿಗೆ ಸಕ್ಕರೆ ಕಾಯಿಲೆ, ಕಾಲಿನ ಹುಣ್ಣು ಕೊಳೆಯುತ್ತಿದೆ. ಕಥೆ ಇಷ್ಟೇ. ಒಂದು ಕಡೆ ಕಾಗದ ಮೇಜಿನಿಂದ ಮೇಜಿಗೆ ಸಾಗುತ್ತದೆ, ಇನ್ನೊಂದು ಕಡೆ ಕಾಲಿನ ಕೊಳೆತ ಮೇಲಕ್ಕೆ ಏರುತ್ತದೆ. ಈ ಎರಡರಲ್ಲಿ ಯಾವುದು ಮೊದಲು ತಲುಪುತ್ತದೆ ಎಂಬ ಆತಂಕ ಹುಟ್ಟಿದ ಮೇಲೆ ಯಾರಿಗೂ ನಿದ್ದೆ ಬಾರದು. ತಬರ ಕಟುಕನ ಹತ್ತಿರ ಹೋಗಿ, ಹೆಂಡತಿಯ ಕಾಲನ್ನು ಕತ್ತರಿಸಿಕೊಡುತ್ತೀಯಾ ಎಂದು ಅಂಗಲಾಚುವಲ್ಲಿಗೆ ಕಥೆ ಬಂದು ಮುಟ್ಟುವಾಗ, ಅದು ನಮಗೆ ಅತಿರೇಕವೆನ್ನಿಸುವುದಿಲ್ಲ; ಅವನ ಲೆಕ್ಕದಲ್ಲಿ ಅದೇ ಉಳಿದ ದಾರಿ. ತಮಿಳಿನ ಚಾರುಹಾಸನ್ ಅವರಿಗೆ ಈ ಪಾತ್ರಕ್ಕೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಬಂತು. ಅವರ ಬೆನ್ನನ್ನು ಗಮನಿಸಿ. ಚಿತ್ರ ಸಾಗುತ್ತಿದ್ದಂತೆ ಮುಖಕ್ಕಿಂತ ಬೆನ್ನೇ ಹೆಚ್ಚು ಮಾತನಾಡುತ್ತದೆ.

ನಾನು ಇದನ್ನು ಮೊದಲ ಬಾರಿ ನೋಡಿದ್ದು, ಭಾನುವಾರ ಮಧ್ಯಾಹ್ನ ದೂರದರ್ಶನದಲ್ಲಿ ಪ್ರಾದೇಶಿಕ ಭಾಷೆಗಳ ಪ್ರಶಸ್ತಿ ಚಿತ್ರಗಳು ಬರುತ್ತಿದ್ದ ಕಾಲದಲ್ಲಿ. ನನ್ನ ತಂದೆ ಸರ್ಕಾರಿ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕರಾಗಿದ್ದರು. ಊಟ ಮುಗಿಸಿ ಅಡಿಕೆ ಹೋಳು ಬಾಯಿಗೆ ಹಾಕಿಕೊಂಡು ಕುಳಿತವರು ಅದನ್ನು ಅಗಿಯುವುದನ್ನೇ ಮರೆತಿದ್ದರು. ನಾನು ಗುಮಾಸ್ತನೊಬ್ಬನನ್ನು ಬೈದಾಗ ಅವರು, ‘ಅವನದೇನೂ ತಪ್ಪಿಲ್ಲ ಮಾರಾಯ, ಬಾಕಿ ಏನೂ ಇಲ್ಲವೆಂಬ ಬೇಬಾಕಿ ಪತ್ರ ಇಲ್ಲದೆ ಅವನು ಕಡತ ಮುಂದಕ್ಕೆ ಕಳಿಸಿದರೆ ನಾಳೆ ಅವನ ಪಿಂಚಣಿ ನಿಲ್ಲುತ್ತದೆ’ ಎಂದರು. ಅಷ್ಟರಲ್ಲಿ ಕರೆಂಟು ಹೋಯಿತು. ಉಳಿದ ಭಾಗ ನೋಡಲು ನನಗೆ ಹತ್ತಾರು ವರ್ಷ ಬೇಕಾಯಿತು. ಆದರೆ ಚಿತ್ರದ ತಿರುಳನ್ನು ತಂದೆ ಆಗಲೇ ಹೇಳಿಬಿಟ್ಟಿದ್ದರು. ಅದರಲ್ಲಿ ಖಳನಾಯಕನಿಲ್ಲ. ಪ್ರತಿಯೊಬ್ಬನೂ ತನ್ನ ನಿಯಮವನ್ನು ಪಾಲಿಸುತ್ತಾನೆ, ಒಬ್ಬ ಮನುಷ್ಯ ಹಾಳಾಗುತ್ತಾನೆ.

ತೇಜಸ್ವಿಯವರ ಮೂಲಕ ಕಾಸರವಳ್ಳಿಯವರ ಪರಿಚಯವಾದ ಮೇಲೆ, ಅವರ ಮೊದಲ ಕಥಾಚಿತ್ರ ‘ಘಟಶ್ರಾದ್ಧ’ಕ್ಕೆ (1977) ಹೋಗುವುದು ಸಹಜವಾದ ಹೆಜ್ಜೆ. ಅನಂತಮೂರ್ತಿಯವರ ಕಥೆಯನ್ನು ಆಧರಿಸಿದ, ಮೇಲೆ ಹೇಳಿದ ಸದಾನಂದ ಸುವರ್ಣರೇ ನಿರ್ಮಿಸಿದ ಈ ಕಪ್ಪು ಬಿಳುಪು ಚಿತ್ರಕ್ಕೆ ಆ ವರ್ಷದ ಶ್ರೇಷ್ಠ ಚಿತ್ರವೆಂಬ ಸ್ವರ್ಣಕಮಲ ಬಂತು. ‘ಸಂಸ್ಕಾರ’ದಲ್ಲಿ ನಿಮಗೆ ತೊಡಕಾದದ್ದು ಇಲ್ಲಿ ತೊಡಕಾಗದು, ಏಕೆಂದರೆ ಇಲ್ಲಿ ನೋಡುವ ಕಣ್ಣು ಒಬ್ಬ ಹುಡುಗನದು. ವೇದಪಾಠ ಕಲಿಯಲು ಉಡುಪರ ಮನೆಗೆ ಬಂದ ನಾಣಿಗೆ ದೊಡ್ಡ ಹುಡುಗರ ಕಾಟ, ಊರಿನ ನೆನಪು, ಕತ್ತಲೆಯ ಹೆದರಿಕೆ. ಅವನನ್ನು ಹತ್ತಿರಕ್ಕೆ ಕರೆದುಕೊಳ್ಳುವವಳು ಉಡುಪರ ಮಗಳು, ವಿಧವೆ ಯಮುನಕ್ಕ. ಅವಳು ಬಸುರಿ ಎಂಬುದು ಊರಿಗೆ ತಿಳಿಯುತ್ತದೆ, ನಮಗೂ ತಿಳಿಯುತ್ತದೆ. ನಾಣಿಗೆ ತಿಳಿಯುವುದು ಯಮುನಕ್ಕನಿಗೆ ಏನೋ ಕಷ್ಟ ಬಂದಿದೆ ಎಂಬುದಷ್ಟೇ. ದೊಡ್ಡವರ ಮಾತುಗಳು ಅವನ ಕಿವಿಗೆ ಅರ್ಧರ್ಧ ಬೀಳುತ್ತವೆ. ಅವಳು ಹಾವಿನ ಹುತ್ತಕ್ಕೆ ಕೈಯಿಡುವ ಗಳಿಗೆಯಲ್ಲಿ ಆ ಹುಡುಗನ ಭಯವೂ ನಮ್ಮ ಭಯವೂ ಒಂದೇ ಆಗಿಬಿಡುತ್ತವೆ. ಬದುಕಿರುವ ಮಗಳನ್ನು ಸತ್ತಳೆಂದು ಎಣಿಸಿ, ಮಡಕೆ ಒಡೆದು ತಂದೆಯೇ ಮಾಡುವ ಕರ್ಮಕ್ಕೆ ಘಟಶ್ರಾದ್ಧವೆಂದು ಹೆಸರು. ನಾಣಿ ಊರು ಬಿಡುವಾಗ ಕಾಣುವ ಕಡೆಯ ನೋಟವನ್ನು ನಾನು ಇಲ್ಲಿ ಬರೆಯುವುದಿಲ್ಲ. ಬಿ.ವಿ. ಕಾರಂತರ ಸಂಗೀತವನ್ನು ಕೇಳುವುದಕ್ಕಾಗಿ ಒಳ್ಳೆಯ ಇಯರ್‌ಫೋನ್ ಹಾಕಿಕೊಳ್ಳಿ, ಎಸ್. ರಾಮಚಂದ್ರರ ಛಾಯಾಗ್ರಹಣಕ್ಕಾಗಿ ಕೋಣೆಯ ದೀಪ ಆರಿಸಿ. ಮೂಲ ನೆಗೆಟಿವ್‌ನಿಂದ ದುರಸ್ತಿಗೊಂಡ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿದೆ. ನಿಮ್ಮ ಊರಿನ ಯಾವುದಾದರೂ ಚಿತ್ರೋತ್ಸವಕ್ಕೆ ಅದು ಬಂದರೆ ರಜೆ ಹಾಕಿಯಾದರೂ ಹೋಗಿ. ಸವೆದುಹೋದ ಪ್ರತಿಯಲ್ಲಿ ನೋಡಿದವರಿಗೆ ಇದರ ಕತ್ತಲೆ ಬರಿಯ ಮಸಿಯಂತೆ ಕಾಣುತ್ತದೆ.

ಮುಂದಿನ ಜೋಡಿಯನ್ನು ನಾನು ಒಬ್ಬ ನಟರ ಹೆಸರಿನಲ್ಲಿ ಸೂಚಿಸುತ್ತೇನೆ. ಎಂ.ವಿ. ವಾಸುದೇವರಾಯರು 1975ರಲ್ಲಿ, ಬಿ.ವಿ. ಕಾರಂತರು ನಿರ್ದೇಶಿಸಿದ ‘ಚೋಮನ ದುಡಿ’ಯಲ್ಲಿ ಚೋಮನಾಗಿ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಪಡೆದರು. ಶಿವರಾಮ ಕಾರಂತರ 1933ರ ಕಾದಂಬರಿಯ ಆ ಚೋಮನಿಗೆ ಇರುವುದು ಒಂದೇ ಆಸೆ: ಉಳಲು ಒಂದು ತುಂಡು ನೆಲ. ಎತ್ತುಗಳಿವೆ, ತೋಳಿನಲ್ಲಿ ಬಲವಿದೆ, ಹುಟ್ಟಿದ ಜಾತಿಯ ಕಾರಣಕ್ಕೆ ನೆಲ ಸಿಗುವುದಿಲ್ಲ. ಸಿಟ್ಟು ಬಂದಾಗ, ದುಃಖವಾದಾಗ, ಹೆಂಡ ತಲೆಗೇರಿದಾಗ ಅವನು ದುಡಿ ಬಾರಿಸುತ್ತಾನೆ. ಪ್ರತಿ ಬಾರಿಯೂ ಆ ಸದ್ದಿನ ಅರ್ಥ ಬೇರೆ. ಇಪ್ಪತ್ತೇಳು ವರ್ಷಗಳ ನಂತರ, 2002ರಲ್ಲಿ, ಅದೇ ವಾಸುದೇವರಾಯರು ಕಾಸರವಳ್ಳಿಯವರ ‘ದ್ವೀಪ’ದಲ್ಲಿ ದುಗ್ಗಜ್ಜನಾಗಿ ಬರುತ್ತಾರೆ. ನಾ. ಡಿಸೋಜಾ ಅವರ ಕಾದಂಬರಿಯ ಈ ಮುದುಕ, ಅಣೆಕಟ್ಟಿನ ನೀರು ಊರನ್ನು ಮುಳುಗಿಸುತ್ತಿದ್ದರೂ ತನ್ನ ನೆಲ ಬಿಟ್ಟು ಏಳಲು ಒಪ್ಪದವನು. ನೆಲ ಸಿಗದವನ ಮುಖವನ್ನೂ ನೆಲ ಬಿಡಲಾರದವನ ಮುಖವನ್ನೂ ಒಂದೇ ಮುಖದಲ್ಲಿ, ಒಂದು ವಾರದ ಅಂತರದಲ್ಲಿ ನೋಡಿದರೆ ನಿಮಗೆ ಆಗುವ ಅನುಭವವನ್ನು ಯಾವ ಪ್ರಶಸ್ತಿ ಪಟ್ಟಿಯೂ ಕೊಡಲಾರದು.

‘ದ್ವೀಪ’ವನ್ನು ನಿರ್ಮಿಸಿದವರು, ಅದರಲ್ಲಿ ದುಗ್ಗಜ್ಜನ ಸೊಸೆ ನಾಗಿಯಾಗಿ ನಟಿಸಿದವರು ಸೌಂದರ್ಯ. ಅವರನ್ನು ಹಾಡುಗಳಲ್ಲಿ ಮಾತ್ರ ನೋಡಿದವರು ಇದನ್ನು ನೋಡಬೇಕು. ಎಡೆಬಿಡದೆ ಮಳೆ ಸುರಿಯುವ ರಾತ್ರಿ ಅವಳು ಮನೆಯನ್ನೂ ಗಂಡನನ್ನೂ ಕಾಯ್ದುಕೊಳ್ಳುತ್ತಾಳೆ. ಬೆಳಗಾದ ಮೇಲೆ ಗಂಡ ಅದನ್ನೆಲ್ಲ ದೇವರ ಲೆಕ್ಕಕ್ಕೆ ಬರೆದುಬಿಡುತ್ತಾನೆ. ಆಗ ಸೌಂದರ್ಯ ಅವರ ಮುಖದ ಮೇಲೆ ಹಾದುಹೋಗುವುದನ್ನು ನಾನು ಮೂರು ಬಾರಿ ಹಿಂದಕ್ಕೆ ಸರಿಸಿ ನೋಡಿದ್ದೇನೆ.

ಇವುಗಳ ನಡುವೆ ಉಸಿರು ತಿರುಗಿಸಿಕೊಳ್ಳಲು ಶಂಕರ್‌ನಾಗ್ ನಿರ್ದೇಶಿಸಿದ ಎರಡನ್ನು ಇಟ್ಟುಕೊಳ್ಳಿ: ಕಾರು ಕಳ್ಳರ ಕಥೆಯಾದ ‘ಮಿಂಚಿನ ಓಟ’ (1980), ಪಾದಚಾರಿ ದಾರಿಯಲ್ಲಿ ಮಲಗಿದ್ದವರ ಮೇಲೆ ಕಾರು ಹರಿಸಿದ ರಾಜಕಾರಣಿಯ ಮಗನ ಪ್ರಕರಣವನ್ನು ಬೆನ್ನಟ್ಟುವ ‘ಆಕ್ಸಿಡೆಂಟ್’ (1984). ಎರಡನೆಯದು ಇವತ್ತಿನ ಪತ್ರಿಕೆಯಿಂದ ಎದ್ದುಬಂದಂತಿದೆ. ನಗುವುದು ಬೇಕಾದರೆ ರಾಮ್ ರೆಡ್ಡಿಯವರ ‘ತಿಥಿ’ (2015). ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಜನರೇ ನಟಿಸಿದ, ಸೆಂಚುರಿ ಗೌಡ ಸತ್ತ ದಿನದಿಂದ ಹನ್ನೊಂದನೆಯ ದಿನದವರೆಗಿನ ಕಥೆ. ಅದರ ಮಾತು ಅಪ್ಪಟ ಮಂಡ್ಯದ್ದು, ಬೈಗುಳ ಸಹಿತ. ಮನೆಯವರೆಲ್ಲ ಕೂಡಿ ಕುಳಿತಾಗ ಹಾಕುವ ಮುನ್ನ ಯೋಚಿಸಿ. ಎಂ.ಕೆ. ಇಂದಿರಾ ಅವರ ಕಾದಂಬರಿಯನ್ನು ಪ್ರೇಮಾ ಕಾರಂತರು ಚಿತ್ರವಾಗಿಸಿದ ‘ಫಣಿಯಮ್ಮ’ (1983), ಅದೂ ವಿಧವೆಯೊಬ್ಬಳ ಕಥೆಯಾದ್ದರಿಂದ, ‘ಘಟಶ್ರಾದ್ಧ’ದ ಪಕ್ಕದಲ್ಲಿ ಇಟ್ಟು ನೋಡುವಂಥದ್ದು. ವೈದೇಹಿಯವರ ಕಥೆಯಲ್ಲಿದ್ದ ಟಾಕೀಸನ್ನು ಟಿ.ವಿ. ಮತ್ತು ಡಿಶ್ ಆ್ಯಂಟೆನಾ ಆಗಿ ಬದಲಿಸಿಕೊಂಡ ‘ಗುಲಾಬಿ ಟಾಕೀಸ್’ (2008) ಉಮಾಶ್ರೀಯವರಿಗಾಗಿಯೇ ನೋಡಬೇಕಾದ ಚಿತ್ರ.

ನಿಮ್ಮ ಕಾಲುಭಾಗದ ‘ವಂಶವೃಕ್ಷ’ಕ್ಕೆ ಮರಳುವಂತೆ ನಾನು ಒತ್ತಾಯಿಸುವುದಿಲ್ಲ, ಭೈರಪ್ಪನವರ ಕಾದಂಬರಿಯ ಹರವು ಆ ಚಿತ್ರದ ಅವಧಿಗೆ ಹಿಡಿಸಿಲ್ಲ ಎಂಬುದು ನನ್ನ ಖಾಸಗಿ ತಕರಾರು. ‘ಸಂಸ್ಕಾರ’ಕ್ಕೆ ಮಾತ್ರ ಮರಳಿ, ಕಾದಂಬರಿ ಓದಿಕೊಂಡು. ಸೆನ್ಸಾರ್ ಮಂಡಳಿ ಮೊದಲು ತಡೆಹಿಡಿದು ಆಮೇಲೆ ಬಿಟ್ಟ, ಕನ್ನಡಕ್ಕೆ ಮೊದಲ ಬಾರಿ ದೇಶದ ಶ್ರೇಷ್ಠ ಚಿತ್ರದ ಪ್ರಶಸ್ತಿ ತಂದ ಚಿತ್ರವೆಂಬ ಗೌರವವನ್ನೆಲ್ಲ ಮರೆತು ಕುಳಿತುಕೊಳ್ಳಿ. ಆಸ್ಟ್ರೇಲಿಯದ ಟಾಮ್ ಕೋವನ್ ಅವರ ಕ್ಯಾಮೆರಾ ಅಗ್ರಹಾರವನ್ನು ಹೊರಗಿನವನ ಕುತೂಹಲದಿಂದ ನೋಡುತ್ತದೆ, ಆಚಾರ ಬಿಟ್ಟ ಬ್ರಾಹ್ಮಣ ನಾರಣಪ್ಪನಾಗಿ ಪಿ. ಲಂಕೇಶರು ಸಿಗುತ್ತಾರೆ. ಈ ಸಲ ನಿಮ್ಮ ಕಣ್ಣು ಪ್ರಾಣೇಶಾಚಾರ್ಯರನ್ನು ಬಿಟ್ಟು, ನಾರಣಪ್ಪನೊಂದಿಗೆ ಬಾಳಿದ ಚಂದ್ರಿಯ ಮೇಲಿರಲಿ. ಆ ಪಾತ್ರ ಮಾಡಿದ ಸ್ನೇಹಲತಾ ರೆಡ್ಡಿಯವರು ತುರ್ತು ಪರಿಸ್ಥಿತಿಯಲ್ಲಿ ಬೆಂಗಳೂರಿನ ಜೈಲಿನಲ್ಲಿದ್ದು, ಪೆರೋಲಿನ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ನಾರಣಪ್ಪನ ಹೆಣ ಮನೆಯೊಳಗೆ ಬಿದ್ದಿದೆ, ಅದಕ್ಕೆ ಸಂಸ್ಕಾರ ಮಾಡಬೇಕೇ ಬೇಡವೇ ಎಂದು ಬ್ರಾಹ್ಮಣರು ಜಗಲಿಯಲ್ಲಿ ಚರ್ಚಿಸುತ್ತಿದ್ದಾರೆ. ಚಂದ್ರಿ ಮೈಮೇಲಿನ ಒಡವೆಗಳನ್ನು ಒಂದೊಂದಾಗಿ ಬಿಚ್ಚಿ, ಖರ್ಚಿಗೆ ಆಗಲಿ ಎಂದು ಆಚಾರ್ಯರ ಮುಂದೆ ಇಡುತ್ತಾಳೆ. ಚರ್ಚೆಯ ದನಿ ಬದಲಾಗುವುದು ಅಲ್ಲಿಂದ.