ರಿಸೆಪ್ಷನ್‌ಗೆ ಇಡೀ ಹಂದಿ ಸುಡುವುದಾದರೆ ನಟ್ಟು ಹೊಟ್ಟೆಯೊಳಗೆ ಬೇಡ

120 ಜನ, 60 ಕೆ.ಜಿ.ಯ ಒಂದು ಹಂದಿ, ಸಂಜೆ 7ಕ್ಕೆ ಬಾಯಿಗೆ ಸೇಬು ಕಚ್ಚಿಸಿ ಇಡಿಯಾಗಿ ಮೇಜಿಗೆ ತರಬೇಕು, ಇದ್ದಿಲು ಒಳ್ಳೆಯದೋ ಗ್ಯಾಸೋ ಅಂತ ಕೇಳಿದ್ದೀರಿ. ನಾನೂ ಹೀಗೇ ವಾರಗಟ್ಟಲೆ ಇದ್ದಿಲು, ಗ್ಯಾಸು ಅಂತ ತಲೆ ಕೆಡಿಸಿಕೊಂಡವನು. ಕೊನೆಗೆ ನನ್ನ ಹಂದಿ ಕೆಟ್ಟದ್ದು ಎಂಟು ನಟ್ಟಿನಿಂದ.

ಕರುಳು ತೆಗೆದು, ತಲೆ ಕಾಲು ಉಳಿಸಿಕೊಂಡು 55 ಕೆ.ಜಿ. ತೂಗುತ್ತಿತ್ತು ಅದು. ಬೆಳಿಗ್ಗೆ 9ಕ್ಕೆ ಬೆಂಕಿಯ ಮೇಲೆ ಏರಿಸಿದೆ. ಮೋಟರ್ ತಿರುಗಿಸುವ ಸರಳು ಹಿಂದಿನಿಂದ ಹೊಕ್ಕು ಬಾಯಿಂದ ಹೊರಬಂದಿತ್ತು, ಎರಡೂ ತುದಿಯಲ್ಲಿ ಕವಲುಮುಳ್ಳು ಚುಚ್ಚಿತ್ತು, ಬೆನ್ನುಮೂಳೆಯನ್ನು ಸರಳಿಗೆ ನಾಲ್ಕು ಯು-ಬೋಲ್ಟ್ ಹಾಕಿ ಬಿಗಿದಿದ್ದೆ. ಎಲ್ಲ ಪುಸ್ತಕದಲ್ಲಿ ಬರೆದ ಹಾಗೆ. ಒಂದೇ ಒಂದು ಜಾಣತನ ಮಾಡಿದ್ದೆ. ಬೆನ್ನಿನ ಮೇಲೆ ಕಬ್ಬಿಣದ ಪಟ್ಟಿ, ನಟ್ಟು ಕಂಡರೆ ಫೋಟೋದಲ್ಲಿ ಅಸಹ್ಯ ಅಂದುಕೊಂಡು ಬೋಲ್ಟನ್ನು ತಲೆಕೆಳಗು ಮಾಡಿದ್ದೆ. ಯು ಆಕಾರದ ಬಾಗು ಬೆನ್ನಿನ ಚರ್ಮದ ಮೇಲೆ, ನಟ್ಟುಗಳು ಹೊಟ್ಟೆಯೊಳಗೆ. ಆಮೇಲೆ ಹೊಟ್ಟೆಯನ್ನು ಸ್ಟೀಲ್ ತಂತಿಯಿಂದ ಒತ್ತೊತ್ತಾಗಿ ಹೊಲಿದೆ. ಅಂದರೆ ಆ ನಟ್ಟುಗಳಿಗೆ ಇನ್ನು ಸ್ಪ್ಯಾನರ್ ತಾಗುವ ದಾರಿಯೇ ಇರಲಿಲ್ಲ.

ಮೊದಲ ನಾಲ್ಕು ತಾಸು ಚೆಂದ ತಿರುಗಿತು. ಐದನೆಯ ತಾಸಿಗೆ ಟಕ್ ಟಕ್ ಅಂತ ಸದ್ದು. ಸರಳು ಮುಂದೆ ಹೋಗುತ್ತದೆ, ಹಂದಿ ಸುತ್ತಿನ ಕಾಲು ಭಾಗದಷ್ಟು ಹಿಂದೆ ಉಳಿಯುತ್ತದೆ, ಆಮೇಲೆ ಧಡಕ್ಕನೆ ಬಿದ್ದು ಅದನ್ನು ಹಿಡಿಯುತ್ತದೆ. ಅರ್ಧ ತಾಸಿನಲ್ಲಿ ಸರಳು ತನ್ನ ಪಾಡಿಗೆ ಒಳಗೆ ತಿರುಗುತ್ತಿತ್ತು, ಹಂದಿ ಭಾರದ ಮಗ್ಗುಲು ಕೆಳಗೆ ಮಾಡಿ ನಿಂತೇ ಬಿಟ್ಟಿತ್ತು. ನಿಂತ ಮಾಂಸದ ಕೆಳಗೆ ಕೆಂಡ ಇದ್ದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ. ಒಂದು ಮಗ್ಗುಲು ಇದ್ದಿಲಾಯಿತು, ಇನ್ನೊಂದು ಬೆಳ್ಳಗೆ ಉಳಿಯಿತು.

ಇದು ಯಾಕಾಗುತ್ತದೆ ಅನ್ನುವುದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಏಕೆಂದರೆ ಬಿಗಿದದ್ದು ಸಾಲದೆ ಸಡಿಲವಾಯಿತು ಅಂತ ಎಲ್ಲರೂ ತಪ್ಪು ತಿಳಿಯುತ್ತಾರೆ. ಬೆಳಿಗ್ಗೆ ಕೈಗೆ ಕಸುವು ಇರುವಷ್ಟೂ ಬಿಗಿದಿದ್ದೆ. ಆದರೆ ನೀವು ಬಿಗಿಯುವುದು ಹಸಿ ಮಾಂಸವನ್ನು. ಬೇಯುತ್ತಾ ನೀರು, ಕೊಬ್ಬು ಹೋಗಿ ತೂಕದಲ್ಲಿ ಕಾಲು ಭಾಗಕ್ಕೂ ಹೆಚ್ಚು ಇಳಿಯುತ್ತದೆ, ಗಾತ್ರವೂ ಕುಗ್ಗುತ್ತದೆ. ಸರಳಿಗೂ ಬೆನ್ನುಮೂಳೆಗೂ ನಡುವೆ, ಹೊಟ್ಟೆಯ ಒಳಮಗ್ಗುಲಲ್ಲಿ, ಮೂಳೆಯ ಎರಡೂ ಕಡೆ ಉದ್ದನೆಯ ಮೆತ್ತನೆಯ ಮಾಂಸದ ಪಟ್ಟಿ ಇರುತ್ತದೆ. ಇಡೀ ಹಂದಿಯಲ್ಲೇ ಮೃದುವಾದ ತುಂಡು ಅದು. ನಿಮ್ಮ ಬಿಗಿತ ನಿಂತಿರುವುದು ಆ ದಿಂಬಿನ ಮೇಲೆ. ಅದು ಕುಗ್ಗಿದಷ್ಟೂ ಬೋಲ್ಟು ಸಡಿಲ. ಜೊತೆಗೆ 70 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಮಾಂಸವನ್ನು ಮೂಳೆಗೆ ಅಂಟಿಸಿದ ಕೊಲಾಜನ್ ಎಂಬ ನಾರು ನಿಧಾನವಾಗಿ ಕರಗಿ ಜಿಲಾಟಿನ್ ಎಂಬ ಲೋಳೆ ಆಗುತ್ತದೆ. ಆಗ ತೊಡೆಗೆ ಚುಚ್ಚಿದ ಕವಲುಮುಳ್ಳು ಬೆಣ್ಣೆಯಲ್ಲಿ ಚುಚ್ಚಿದ ಹಾಗೆ, ಹಿಡಿತವೇ ಇಲ್ಲ. ಹೊತ್ತು ಹೋದಂತೆ ಬೋಲ್ಟು ಮುಳ್ಳು ಎರಡೂ ಕೈಬಿಡುತ್ತವೆ, ಅದೂ ಅಡುಗೆ ಅರ್ಧವಾದ ಮೇಲೆ, ಸರಿಮಾಡಲು ಸಮಯ ಇಲ್ಲದಾಗ. ನನ್ನವು ನೈಲಾನ್ ಬಳೆ ಇರುವ ಲಾಕ್ ನಟ್ಟುಗಳು ಬೇರೆ. ಆ ನೈಲಾನ್ ಶಾಖಕ್ಕೆ ಮೆತ್ತಗಾಗಿ ಹಿಡಿತ ಬಿಟ್ಟಿತ್ತು.

ಮೋಟರ್ ನಿಲ್ಲಿಸಿ, ಇಬ್ಬರು ದಪ್ಪ ಗ್ಲೌಸ್ ಹಾಕಿಕೊಂಡು ಸರಳಿನ ಸಮೇತ ಎತ್ತಿ ಮೇಜಿಗೆ ಇಳಿಸಿ, ತಂತಿ ಕತ್ತರಿಸಿ, ಕುದಿಯುವ ಕೊಬ್ಬಿನೊಳಗೆ ಸ್ಪ್ಯಾನರ್ ಇಳಿಸಿ ಬಿಗಿಯುವಷ್ಟರಲ್ಲಿ 50 ನಿಮಿಷ ಹೋಯಿತು. ಸಂಜೆ 7ಕ್ಕೆ ತೊಡೆಯ ಒಳಗಿನ ಶಾಖ 58 ಡಿಗ್ರಿ. ಸುಟ್ಟ ಚರ್ಮ ಕಿತ್ತು, ತೊಡೆಗಳನ್ನು ಹಲಗೆಯಂತೆ ಸೀಳಿ ಓವನ್‌ಗೆ ತಳ್ಳಿ, ಊಟ ಕೊಟ್ಟಾಗ 8:40. ಫೋಟೋಕ್ಕೆಂದು ಬಚ್ಚಿಟ್ಟ ನಟ್ಟಿನಿಂದಾಗಿ ಫೋಟೋ ತೆಗೆಯಲು ಹಂದಿಯೇ ಉಳಿಯಲಿಲ್ಲ.

ಸರಿಯಾದ ಕ್ರಮ ಹೀಗೆ. ಒಳಗಿನ ಆ ಎರಡು ಮೆತ್ತನೆಯ ಪಟ್ಟಿಗಳನ್ನು ಮೊದಲೇ ಕೊಯ್ದು ತೆಗೆಯಿರಿ, ಬೇರೆ ಬೇಯಿಸಿದರಾಯಿತು. ಸರಳು ನೇರ ಮೂಳೆಗೆ ಕೂರಬೇಕು. 8ರಿಂದ 10 ಮಿ.ಮೀ. ದಪ್ಪದ ಸ್ಟೇನ್‌ಲೆಸ್ ಯು-ಬೋಲ್ಟು ನಾಲ್ಕು: ಕುತ್ತಿಗೆಯ ಹಿಂದೆ ಒಂದು, ಹೆಗಲ ಮೂಳೆಯ ಹಿಂದೆ ಒಂದು, ನಡುಬೆನ್ನಿಗೆ ಒಂದು, ಸೊಂಟದ ಮೂಳೆಗೆ ಮುಂಚೆ ಒಂದು. ಬಾಗು ಒಳಗಿನಿಂದ ಸರಳನ್ನು ತಬ್ಬಬೇಕು. ಬೋಲ್ಟಿನ ಎರಡು ಕಾಲುಗಳು ಬೆನ್ನುಮೂಳೆಯ ಆ ಕಡೆ ಈ ಕಡೆ ಚರ್ಮ ತೂರಿ ಹೊರಬರಬೇಕು. ಹೊರಗೆ ಅಂಗೈ ಅಗಲದ ಪಟ್ಟಿ, ಅದರ ಮೇಲೆ ಸಾದಾ ನಟ್ಟು ಎರಡೆರಡು. ಪಟ್ಟಿ ಕಿರಿದಾದರೆ ಬೆಂದ ಚರ್ಮವನ್ನು ಕೊಯ್ದುಕೊಂಡು ಒಳಗಿಳಿಯುತ್ತದೆ. ಬೆಂಕಿಗೆ ಏರಿಸಿ ಒಂದು ತಾಸಾದಾಗ, ಎರಡೂವರೆ ತಾಸಾದಾಗ, ನಾಲ್ಕು ತಾಸಾದಾಗ ಮೋಟರ್ ನಿಲ್ಲಿಸಿ ಪ್ರತಿ ನಟ್ಟನ್ನೂ ಮುಟ್ಟಿ ನೋಡಿ, ಅರ್ಧ ಸುತ್ತೋ ಒಂದು ಸುತ್ತೋ ಬಿಗಿಯಿರಿ. ಸರಳು ಚೌಕವಾಗಿದ್ದರೆ ಮೇಲು, ದುಂಡಗಿನದು ಬೋಲ್ಟಿನೊಳಗೇ ಜಾರುತ್ತದೆ. ಸತುವಿನ ಲೇಪ ಇರುವ ಪೈಪು, ತಂತಿ ಯಾವುದೂ ಬೇಡ.

ಬೆಂಕಿ ಹಚ್ಚುವ ಮೊದಲು ಎರಡು ಪರೀಕ್ಷೆ. ಒಬ್ಬರು ಸರಳು ಅಲುಗದಂತೆ ಹಿಡಿಯಲಿ, ಇನ್ನೊಬ್ಬರು ಹಿಂಗಾಲು ದೂಡಲಿ. ಒಂದು ಬೆರಳಷ್ಟು ಅಲುಗಿದರೂ ಬಿಚ್ಚಿ ಮತ್ತೆ ಕಟ್ಟಿ. ಆಮೇಲೆ ಸ್ಟ್ಯಾಂಡಿನ ಮೇಲಿಟ್ಟು ಕೈಯಲ್ಲಿ ತಿರುಗಿಸಿ ಎಲ್ಲಿ ಬಿಟ್ಟರೂ ಅಲ್ಲೇ ನಿಲ್ಲುತ್ತದೋ ನೋಡಿ. ಒಂದೇ ಕಡೆಗೆ ಉರುಳಿದರೆ ಎದುರು ಭಾರ ಕಟ್ಟಿ, ಇಲ್ಲದಿದ್ದರೆ ಪ್ರತಿ ಸುತ್ತಿಗೂ ಮೋಟರ್ ಏದುಸಿರು ಬಿಡುತ್ತದೆ.

ಈಗ ನಿಮ್ಮ 60 ಕೆ.ಜಿ. ಲೆಕ್ಕದ ಮಟ್ಟಿಗೆ ಅದು ಸರಿ: ಇಡೀ ಹಂದಿಯ ತೂಕದಲ್ಲಿ ತಟ್ಟೆಗೆ ಬರುವ ಬೆಂದ ಮಾಂಸ ನೂರಕ್ಕೆ ಸುಮಾರು 40 ಭಾಗ, ಅಂದರೆ 24 ಕೆ.ಜಿ., ತಲೆಗೆ 200 ಗ್ರಾಂ. ಆದರೆ ಒಂದೇ ಹಂದಿ ಬೇಡವೇ ಬೇಡ. 30 ಕೆ.ಜಿ.ಯ ಎರಡು ತನ್ನಿ. ದೊಡ್ಡದಕ್ಕೆ 8ರಿಂದ 10 ತಾಸು, ಚಿಕ್ಕದಕ್ಕೆ 5ರಿಂದ 6. ದೊಡ್ಡದರಲ್ಲಿ ತೊಡೆಯ ನಡು ಬೇಯುವಷ್ಟರಲ್ಲಿ ಬೆನ್ನಿನ ಮಾಂಸ ಒಣಗಿ ಹಗ್ಗವಾಗಿರುತ್ತದೆ. ಎರಡಿದ್ದರೆ ಗರಿಗರಿ ಚರ್ಮವೂ ಹೆಚ್ಚು, ಒಂದಕ್ಕೆ ಏನಾದರೂ ಆದರೆ ಇನ್ನೊಂದು ಇರುತ್ತದೆ. ಬಾಡಿಗೆಗೆ ಎರಡನೆಯ ಯಂತ್ರ ಸಿಗದಿದ್ದರೆ 30 ಕೆ.ಜಿ.ಯ ಒಂದನ್ನು ಸುಟ್ಟು, ಉಳಿದ ಮಾಂಸಕ್ಕೆ ಹೆಗಲಿನ ತುಂಡುಗಳನ್ನು ಓವನ್‌ನಲ್ಲಿ ಮಾಡಿ. ಯಾರಿಗೂ ಗೊತ್ತಾಗುವುದಿಲ್ಲ.

ಇಡಿಯಾಗಿ ಮೇಜಿಗೆ ತರುವ ಆಸೆ ಬಿಡಿ ಅನ್ನುತ್ತೇನೆ. ತೋರಿಸಿ, ಬಡಿಸಬೇಡಿ. ಅತಿಥಿಗಳು ಸಾಲು ನಿಂತಿರುವಾಗ ಅವರೆದುರು ಕೊಯ್ಯಲು ಶುರು ಮಾಡಿದರೆ ಹತ್ತನೆಯವರಿಗೆ ತಟ್ಟೆ ಸಿಗುವ ಹೊತ್ತಿಗೆ ನೂರನೆಯವರು ಮನೆಗೆ ಹೊರಟಿರುತ್ತಾರೆ. 30 ಕೆ.ಜಿ.ಯ ಹಂದಿಯನ್ನು ಕೈ ಪಳಗಿದ ಇಬ್ಬರು ಕೊಯ್ದು ಮುಗಿಸಲು ಅರ್ಧ ತಾಸು ಬೇಕು. ಒಂದೂವರೆ ಮೀಟರ್ ಉದ್ದದ ಹಲಗೆಯ ಮೇಲೆ 15 ನಿಮಿಷ ಇಡಿ, ಫೋಟೋ ಆಗಲಿ, ಆಮೇಲೆ ಒಳಗೆ ಒಯ್ದು ಕೊಯ್ಯಿರಿ. ಮಡಚುವ ಮೇಜುಗಳ ನಡು ಆ ಭಾರಕ್ಕೆ ಕುಸಿಯುತ್ತದೆ, ಗಟ್ಟಿ ಮೇಜು ಹುಡುಕಿಡಿ. ಸೇಬಿನ ಗುಟ್ಟು: ಬೇಯುವ ಮೊದಲೇ ಬಾಯಿಗೆ, ಸರಳಿನ ಪಕ್ಕಕ್ಕೆ, ಮುಷ್ಟಿ ಗಾತ್ರದ ಮರದ ತುಂಡು ತುರುಕಿಡಬೇಕು. ಬೆಂದ ದವಡೆ ಆಮೇಲೆ ತೆರೆಯುವುದಿಲ್ಲ. ಕಿವಿ, ಬಾಲ, ಮೂತಿ, ಗೊರಸಿಗೆ ಫಾಯಿಲ್ ಸುತ್ತಿ ಕೊನೆಯ ಅರ್ಧ ತಾಸಿಗೆ ಬಿಚ್ಚಿ. ಬೆನ್ನಿನ ಮೇಲೆ ಪಟ್ಟಿಗಳ ಗುರುತು ಕಣ್ಣಿಗೆ ಕಂಡರೆ ಸೊಪ್ಪಿನ ಕಟ್ಟು ಮುಚ್ಚಿ. ನಾನು ಅಷ್ಟು ಮಾಡಿದ್ದರೆ ಸಾಕಿತ್ತು.

ಸಮಯವನ್ನು ಊಟದಿಂದ ಹಿಂದಕ್ಕೆ ಎಣಿಸಿ. 7ಕ್ಕೆ ಊಟ ಅಂದರೆ 6:30ಕ್ಕೆ ಕೊಯ್ಯಲು ಕೂರಬೇಕು, 6:15ಕ್ಕೆ ಪ್ರದರ್ಶನ, ಅದಕ್ಕೆ ಮುಂಚೆ 40 ನಿಮಿಷ ವಿಶ್ರಾಂತಿ. 5:30ಕ್ಕೆ ಕೆಳಗಿಳಿಯಬೇಕಾದದ್ದು 4:30ಕ್ಕೇ ಸಿದ್ಧವಾಗುವಂತೆ ಹವಣಿಸಿ. ಬೆಂದ ಹಂದಿ ತೆಳು ಕೆಂಡದ ಮೇಲೆ ತಿರುಗುತ್ತಾ ಒಂದು ತಾಸು ಆರಾಮಾಗಿ ಕಾಯುತ್ತದೆ, ಬೇಯದ ಹಂದಿಗೆ ಅತಿಥಿಗಳು ಕಾಯುವುದಿಲ್ಲ. ಹಾಗಾಗಿ ಬೆಳಿಗ್ಗೆ 10:30ಕ್ಕೆ ಏರಿಸಿ, ಅದಕ್ಕೂ ಮುಕ್ಕಾಲು ತಾಸು ಮುಂಚೆ ಇದ್ದಿಲು ಹೊತ್ತಿಸಿ. ಹಂದಿ ಫ್ರೀಜ್ ಆಗಿ ಬಂದರೆ 4 ಡಿಗ್ರಿಯ ತಣ್ಣನೆ ಕೋಣೆಯಲ್ಲಿ ನಾಲ್ಕೈದು ದಿನ ಕರಗಲು ಬಿಡಬೇಕು. ತೊಡೆಯ ಕೀಲಿನ ಬಳಿ ಥರ್ಮಾಮೀಟರ್ ಚುಚ್ಚಿ ನೋಡಿ. ಅಲ್ಲಿ ಐಸ್ ಇದ್ದರೆ ಮೇಲಿನ ಲೆಕ್ಕವೆಲ್ಲ ಸುಳ್ಳು.

ಇದ್ದಿಲೋ ಗ್ಯಾಸೋ? ಬೆಂಕಿಯನ್ನು ಏಳೆಂಟು ತಾಸು ನೋಡಿಕೊಳ್ಳುವ, ಬೇರೆ ಯಾವ ಕೆಲಸವೂ ಇಲ್ಲದ ಒಬ್ಬ ಮನುಷ್ಯ ಇದ್ದರೆ ಇದ್ದಿಲು, ಇಲ್ಲದಿದ್ದರೆ ಗ್ಯಾಸು. ಆ ಮನುಷ್ಯ ಮದುಮಗನೋ ಅವನ ತಂದೆಯೋ ಆಗಿರಬಾರದು. ಇದ್ದಿಲು ಹೆಚ್ಚುಕಡಿಮೆ ಹಂದಿಯ ತೂಕದಷ್ಟೇ ಬೇಕು. ಬೇರೆ ಡ್ರಮ್ಮಿನಲ್ಲಿ ಕೆಂಡ ಮಾಡಿ 40 ನಿಮಿಷಕ್ಕೊಮ್ಮೆ ಸೇರಿಸಿ. ತೊಡೆ ಮತ್ತು ಹೆಗಲಿನ ಕೆಳಗೆ ಕೆಂಡದ ಗುಡ್ಡೆ, ಹೊಟ್ಟೆಯ ಕೆಳಗೆ ಏನೂ ಬೇಡ, ಅಲ್ಲಿ ಕೊಬ್ಬು ಹಿಡಿಯುವ ಟ್ರೇ. ಟ್ರೇ ಅರ್ಧ ತುಂಬುವ ಮೊದಲೇ ಖಾಲಿ ಮಾಡಿ. ಕೊಬ್ಬಿಗೆ ಬೆಂಕಿ ಹತ್ತಿದರೆ ನೀರು ಎರಚಬೇಡಿ, ತಗಡು ಮುಚ್ಚಿ. ಮಳೆ ಬಂತೆಂದು ಯಂತ್ರವನ್ನು ಸುತ್ತ ಪರದೆ ಇರುವ ಶಾಮಿಯಾನಕ್ಕೆ ಎಳೆಯುವುದಂತೂ ಬೇಡ. ಇದ್ದಿಲಿನ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಎಷ್ಟೋ ಸಲ ಜನ ಕುಸಿದು ಬಿದ್ದ ಮೇಲೆಯೇ ತಿಳಿಯುವುದು.

ಬೆಂದಿತೋ ಇಲ್ಲವೋ ಅಂತ ಗಡಿಯಾರ ನೋಡಬೇಡಿ. ತೊಡೆಯ ದಪ್ಪ ಭಾಗದಲ್ಲಿ, ಮೂಳೆಗೂ ಸರಳಿಗೂ ತಾಗದಂತೆ ಚುಚ್ಚಿ 75 ಡಿಗ್ರಿ, ಹೆಗಲಿನಲ್ಲಿ 85. ಇಡಿ ತುಂಡಿಗೆ 63 ಡಿಗ್ರಿ ಮತ್ತು ಮೂರು ನಿಮಿಷ ವಿಶ್ರಾಂತಿ ಸಾಕೆಂಬ ಸುರಕ್ಷತೆಯ ನಿಯಮ ನಿಜವೇ, ಆದರೆ ಆ ಶಾಖದಲ್ಲಿ ಹೆಗಲು ಅಗಿಯಲು ಬಾರದು, ಕೀಲಿನ ಬಳಿ ಕೆಂಪು ನೀರು ಕಂಡು ಅತಿಥಿಗಳು ತಟ್ಟೆ ಸರಿಸುತ್ತಾರೆ.

ಚರ್ಮ ಗರಿಯಾಗಬೇಕೆಂದರೆ ಹಿಂದಿನ ರಾತ್ರಿಯೇ ಒರೆಸಿ, ಉಪ್ಪು ತಿಕ್ಕಿ, ತಣ್ಣನೆ ಕೋಣೆಯಲ್ಲಿ ಮುಚ್ಚದೆ ಒಣಗಿಸಿ. ಸಕ್ಕರೆ, ಜೇನು ಇರುವ ಯಾವುದನ್ನೂ ಕೊನೆಯ 20 ನಿಮಿಷಕ್ಕೆ ಮೊದಲು ಬಳಿಯಬೇಡಿ, ಕಪ್ಪಾಗುತ್ತದೆ. ಕೊನೆಗೆ ಕೆಂಡ ಹತ್ತಿರ ತಂದು ಜೋರು ಶಾಖ ಕೊಟ್ಟಾಗ ಗುಳ್ಳೆ ಏಳುತ್ತದೆ. ವಿಶ್ರಾಂತಿಗೆ ಇಟ್ಟಾಗ ಫಾಯಿಲ್ ಹೊದಿಸಿದಿರೋ, ಹತ್ತು ನಿಮಿಷದಲ್ಲಿ ಆವಿ ಕಟ್ಟಿ ಗರಿ ಹೋಗಿ ರಬ್ಬರ್.

ಕೊಯ್ಯುವಾಗ ಮೊದಲು ಚರ್ಮವನ್ನು ದೊಡ್ಡ ಹಾಳೆಗಳಾಗಿ ಎತ್ತಿ, ಕತ್ತರಿಯಲ್ಲಿ ತುಂಡು ಮಾಡಿ, ಮುಚ್ಚದ ಟ್ರೇಯಲ್ಲಿ ಇಡಿ. ಆಮೇಲೆ ಹೆಗಲು, ಬೆನ್ನು, ಕೊನೆಗೆ ತೊಡೆ. ಶಾಖ ಹೆಚ್ಚು ಹೊತ್ತು ಹಿಡಿದಿಡುವುದು ಅದೇ. ಒಣ ಬೆನ್ನಿನ ಮಾಂಸಕ್ಕೆ ಹೊಟ್ಟೆಯ ಕೊಬ್ಬಿನ ತುಂಡು ಬೆರೆಸಿ ಬಡಿಸಿ. ಟ್ರೇಗಳು ಮೊದಲೇ ಬಿಸಿಯಾಗಿರಲಿ, ಮಾಂಸ 60 ಡಿಗ್ರಿಯ ಕೆಳಗಿಳಿಯಬಾರದು, ಇಳಿದು ಎರಡು ತಾಸು ಆದದ್ದನ್ನು ಕಟ್ಟಿ ಕಳಿಸುವ ಮಾತೇ ಇಲ್ಲ. ಹಂದಿ ತಿನ್ನದವರ ಊಟಕ್ಕೆ ಮೇಜು, ಚಮಚ, ಚಾಕು ಎಲ್ಲ ಬೇರೆ.

ಸರಳು ಎಳೆಯುವುದು ಪ್ರದರ್ಶನದ ಹಲಗೆಗೆ ಇಳಿಸಿದ ಮೇಲೆ, ನಟ್ಟು ಬಿಚ್ಚಿ ಬೋಲ್ಟು ತೆಗೆದ ನಂತರ, ಹಿಂಬದಿಯಿಂದ, ನಿಧಾನವಾಗಿ. ತಲೆಯ ಕಡೆಯಿಂದ ಎಳೆದರೆ ದವಡೆ ಕಿತ್ತು ಮರದ ತುಂಡಿನ ಸಮೇತ ಕೈಗೆ ಬರುತ್ತದೆ.