ಮೂರು ತಾಸು ತಾಯಿ ಎಲ್ಲಿರುತ್ತಾಳೆ?

ಮೇ ತಿಂಗಳ ಕೊನೆಯ ವಾರದಿಂದ ಆಷಾಢ ಮುಗಿಯುವವರೆಗೆ, ಆಪ್ತಸಲಹೆಗಾರಳಾದ ನನ್ನ ಬಳಿಗೆ ಬರುವ ದಂಪತಿಗಳಲ್ಲಿ ಒಬ್ಬಿಬ್ಬರಾದರೂ ಒಂದೇ ಬಗೆಯ ಜಗಳವನ್ನು ಹೊತ್ತು ತರುತ್ತಾರೆ. ಹೊಸ ಮನೆಯ ಹತ್ತಿರದ ಶಾಲೆಯಲ್ಲಿ ಮಗುವಿಗೆ ನರ್ಸರಿ ಸೀಟು ಸಿಕ್ಕಿರುತ್ತದೆ, ಮನೆ ಮುಗಿದಿರುವುದಿಲ್ಲ, ಶಾಲೆ ಮಾತ್ರ ಯಾರಿಗೂ ಕಾಯದೆ ಶುರುವಾಗುತ್ತದೆ. ಹುಬ್ಬಳ್ಳಿಯಲ್ಲಿ ಬಾಡಿಗೆಗಿದ್ದು ಧಾರವಾಡದಲ್ಲಿ ಕಟ್ಟಿಸುವವರೂ ಬರುತ್ತಾರೆ, ಧಾರವಾಡದಲ್ಲಿದ್ದು ಹುಬ್ಬಳ್ಳಿಯ ಹೊಸ ಬಡಾವಣೆಯ ಫ್ಲ್ಯಾಟಿಗೆ ಕಾಯುವವರೂ ಬರುತ್ತಾರೆ. ಇಂಥದೊಂದು ಪ್ರಕರಣದಲ್ಲಿ ನಾನು ಕೊಟ್ಟ ಸಲಹೆಯನ್ನು ಸಹೋದ್ಯೋಗಿಯೊಬ್ಬರು ಪ್ರಶ್ನಿಸಿದ್ದರಿಂದ ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಇಬ್ಬರ ಒಪ್ಪಿಗೆಯೂ ಇದೆ.

ಅವರು ಹಳೇ ಹುಬ್ಬಳ್ಳಿಯಲ್ಲಿ ಬಾಡಿಗೆಗಿದ್ದವರು. ಗಂಡ ಖಾಸಗಿ ನೌಕರಿಯಲ್ಲಿದ್ದರು. ಹೆಂಡತಿ ಮಗು ಹುಟ್ಟುವ ಮೊದಲು ಲೆಕ್ಕಪತ್ರದ ಕೆಲಸ ಮಾಡುತ್ತಿದ್ದರು. ಮಗನಿಗೆ ಜೂನ್ 1ಕ್ಕೆ 3 ವರ್ಷ 9 ತಿಂಗಳಾಗಿತ್ತು. ಧಾರವಾಡದ ಕೆಲಗೇರಿಯ ಕಡೆ ಮನೆ ಏಳುತ್ತಿತ್ತು. ಅಕ್ಷಯ ತೃತೀಯಕ್ಕೆಂದು ಇಟ್ಟುಕೊಂಡಿದ್ದ ಗೃಹಪ್ರವೇಶ ಗಾರೆ ಕೆಲಸ ಮುಗಿಯದೆ ತಪ್ಪಿ, ನಡುವೆ ಆಷಾಢ ಬಂದು, ಶ್ರಾವಣಕ್ಕೆ ಹೋಗಿತ್ತು. ಜೂನ್ ಮೊದಲ ವಾರದಿಂದ ಮಗು ಬಾರದಿದ್ದರೆ ಸೀಟನ್ನು ಮುಂದಿನವರಿಗೆ ಕೊಡುವುದಾಗಿ ಶಾಲೆಯವರು ಬಾಯಿಮಾತಿನಲ್ಲಿ ಹೇಳಿದ್ದರು. ದಿನಾಲೂ ಹುಬ್ಬಳ್ಳಿಯಿಂದಲೇ ಕಳಿಸೋಣ ಎಂದು ಗಂಡ, ಸೀಟು ಬಿಟ್ಟುಬಿಡೋಣ ಎಂದು ಹೆಂಡತಿ. ಮೊದಲ ಎರಡು ಭೇಟಿಗಳು ಈ ಎರಡು ಮಾತುಗಳ ಸುತ್ತಲೇ ತಿರುಗಿದವು. ಎರಡರಲ್ಲಿಯೂ ಹೆಚ್ಚು ಮಾತನಾಡಿದವರು ಗಂಡ ಎಂಬುದನ್ನು ನಾನು ಗಮನಿಸಿದ್ದೆ. ಆದರೆ ಅದಕ್ಕಾಗಿ ಏನನ್ನೂ ಮಾಡಿರಲಿಲ್ಲ.

ಮೂರನೆಯ ಭೇಟಿಯಲ್ಲಿ ನಾನು ಒಂದು ಹಾಳೆ ಕೊಟ್ಟು, ಹುಬ್ಬಳ್ಳಿಯಿಂದ ಶಾಲೆಗೆ ಹೋಗುವ ಒಂದು ದಿನ ಮಗನಿಗೆ ಹೇಗಿರುತ್ತದೆ, ಅವನ ಜೊತೆಗೆ ಹೋಗುವವರಿಗೆ ಹೇಗಿರುತ್ತದೆ ಎಂಬುದನ್ನು ಎರಡು ಸಾಲುಗಳಾಗಿ ಬರೆಯಲು ಹೇಳಿದೆ. ಗಂಡ ಬೇಗಬೇಗ ಬರೆದರು. ಮುಂಜಾನೆ 7:45ಕ್ಕೆ ಮನೆ ಬಿಡುವುದು, ಹೊಸೂರಿಗೆ ಬಂದು ಎರಡೂ ಊರುಗಳ ನಡುವೆ ಓಡುವ ಚಿಗರಿ ಬಸ್ಸು ಹತ್ತುವುದು, ಧಾರವಾಡದ ಜುಬಿಲಿ ವೃತ್ತದಲ್ಲಿ ಇಳಿದು ಆಟೊ, 9:30ಕ್ಕೆ ಶಾಲೆ, 12:30ಕ್ಕೆ ಬಿಡುವುದು, 2 ಗಂಟೆಗೆ ಮನೆ. ಊರಿಂದೂರಿಗೆ ಇರುವುದು ಸುಮಾರು 20 ಕಿಲೋಮೀಟರು. ಆದರೂ ಮನೆಬಾಗಿಲಿನಿಂದ ಶಾಲೆಯ ಬಾಗಿಲಿಗೆ ಲೆಕ್ಕ ಹಾಕಿದರೆ ಮೂರು ತಾಸಿನ ಶಾಲೆಗಾಗಿ ಮೂರು ತಾಸಿಗಿಂತ ಹೆಚ್ಚಿನ ಓಡಾಟ. ಇದನ್ನು ತೋರಿಸಬೇಕೆಂದೇ ನಾನು ಹಾಳೆ ಕೊಟ್ಟಿದ್ದೆ. ಆದರೆ ಅಂದಿನ ಮಾತು ತಿರುಗಿದ್ದು ಇದರಿಂದಲ್ಲ. ಎರಡನೆಯ ಸಾಲಿನಲ್ಲಿ, 9:30ರಿಂದ 12:30ರವರೆಗೆ ತಾಯಿ ಎಲ್ಲಿರುತ್ತಾಳೆ ಎಂಬಲ್ಲಿ, ಅವರು 'ಹೊಸ ಮನಿ' ಎಂದು ಬರೆದಿದ್ದರು.

ಹೆಂಡತಿ ಹಾಳೆಯನ್ನು ತಮ್ಮ ಕಡೆಗೆ ಎಳೆದುಕೊಂಡು ಆ ಎರಡು ಶಬ್ದಗಳ ಮೇಲೆ ಬೆರಳಿಟ್ಟರು. "ಇವ್ರಿಗೆ ಮಗನ ಸಾಲಿ ಚಿಂತಿ ಅಲ್ರೀ ಮೇಡಮ್ಮಾರ. ಗೌಂಡಿಗಳ ಮ್ಯಾಲೆ ಕಣ್ಣಿಡಾಕ ಒಂದ್ ಆಳು ಬೇಕಾಗೈತ್ರಿ. ಸಾಲಿ ನೆಪ."

ಗಂಡ ಸಿಟ್ಟಾಗುತ್ತಾರೆ ಎಂದುಕೊಂಡೆ. ಅವರು ಸಿಟ್ಟಾಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸುಳ್ಳಲ್ರೀ" ಎಂದರು. "ನಾ ಇಲ್ಲದಾಗ ಸಿಮೆಂಟು ಕಡಿಮಿ ಹಾಕ್ತಾರ. ಗ್ವಾಡಿಗೆ ಹೊತ್ತಿಗೆ ಸರಿಯಾಗಿ ನೀರು ಹೊಡೆಯಾಂವ ಒಬ್ನೂ ಇಲ್ಲ. ನಾ ನೌಕ್ರಿ ಬಿಟ್ಟು ಹೋಗಿ ಕುಂದ್ರಲೇನ್ರೀ? ಸಾಲ ಮಾಡಿ ಕಟ್ಟಸಾಕತ್ತೀನಿ."

ಆ ಮನೆಗೆ ಆಗ ಬಾಗಿಲುಗಳಿರಲಿಲ್ಲ, ವಿದ್ಯುತ್ತಿರಲಿಲ್ಲ, ಶೌಚಾಲಯದ ಕೆಲಸವೂ ಮುಗಿದಿರಲಿಲ್ಲ. ಅಂಥ ಜಾಗದಲ್ಲಿ, ಮಳೆಗಾಲದಲ್ಲಿ, ಅಪರಿಚಿತ ಕೆಲಸಗಾರರ ನಡುವೆ ದಿನಕ್ಕೆ ಮೂರು ತಾಸು ಕೂಡಲು ಒಪ್ಪಿಗೆಯೇ ಎಂದು ಹೆಂಡತಿಯನ್ನು ಯಾರೂ ಕೇಳಿರಲಿಲ್ಲ. ಮಗನ ಸೀಟಿನ ಮಾತಿನೊಳಗೆ ಅದನ್ನು ಸೇರಿಸಿಬಿಟ್ಟಿದ್ದರು. ಬೇಡ ಎಂದರೆ ಮಗನ ವಿದ್ಯೆಗೆ ಅಡ್ಡಬಂದ ತಾಯಿ ಎನಿಸಿಕೊಳ್ಳಬೇಕು. ಅವರು ಸೀಟನ್ನೇ ಬಿಡೋಣ ಎಂದು ಹಟ ಹಿಡಿದದ್ದು ಏಕೆಂದು ನನಗೆ ಆಗ ತಿಳಿಯಿತು. ಗಂಡನದು ಕಪಟವೆಂದು ನಾನು ಭಾವಿಸುವುದಿಲ್ಲ. ಮನೆಯ ಚಿಂತೆ ಎಷ್ಟು ದೊಡ್ಡದಾಗಿತ್ತೆಂದರೆ, ಮಗನ ಶಾಲೆಯೂ ಹೆಂಡತಿಯ ಹಗಲೂ ಅದರೊಳಗೆ ಕರಗಿಹೋದದ್ದು ಅವರಿಗೆ ಕಾಣಿಸಿರಲಿಲ್ಲ.

ಇದಾದ ಮೇಲೆ ಎರಡು ಪ್ರಶ್ನೆಗಳನ್ನು ಬೇರೆಬೇರೆ ಮಾಡುವುದು ಸುಲಭವಾಯಿತು. ಗೌಂಡಿಗಳ ಮೇಲ್ವಿಚಾರಣೆ ಮನೆ ಕಟ್ಟಿಸುವವರ ಖರ್ಚಿನ ಬಾಬತ್ತು. ಅದಕ್ಕೆ ಕೂಲಿ ಕೊಟ್ಟು ಒಬ್ಬರನ್ನು ಇಡಬಹುದು, ಇಲ್ಲವೆ ಗಂಡ ಸಂಜೆ ಹೋಗಿಬರಬಹುದು. ಸೀಟಿನ ವಿಷಯದಲ್ಲಿ ನಾನು ಹೇಳಿದ್ದಿಷ್ಟು: ಬಾಯಿಮಾತನ್ನು ನಂಬಿ ಹೆದರಬೇಡಿ, ಮುಖ್ಯಸ್ಥರಿಗೆ ಪತ್ರ ಬರೆಯಿರಿ. ಮನೆ ತಡವಾದ ಕಾರಣ, ಮಗುವನ್ನು ದಸರಾ ರಜೆಯ ನಂತರ ಎರಡನೆಯ ಅವಧಿಗೆ ಕಳಿಸುವ ಇಚ್ಛೆ, ಅಲ್ಲಿಯವರೆಗೆ ಸೀಟು ಉಳಿಸಲು ಎಷ್ಟು ಶುಲ್ಕ ಕಟ್ಟಬೇಕು, ಬರಲಾಗದಿದ್ದರೆ ಎಷ್ಟು ಹಿಂದಿರುಗುತ್ತದೆ ಎಂಬುದನ್ನೆಲ್ಲ ಕೇಳಿ, ಉತ್ತರವನ್ನು ಲಿಖಿತವಾಗಿ ಪಡೆಯಿರಿ. 'ಮನೆ ಆದ ಮೇಲೆ' ಎಂದು ಬರೆಯಬೇಡಿ, ದಿನಾಂಕ ಬರೆಯಿರಿ. ಮಗುವನ್ನು ಅಲ್ಲಿಯವರೆಗೆ ನಡೆದುಹೋಗುವಷ್ಟು ದೂರದ ಅಂಗನವಾಡಿಗೆ ಸೇರಿಸಿ. ಮತ್ತು ಮನೆಯ ಕೀಲಿಕೈ ಬರುವತನಕ ಅವನ ಮುಂದೆ 'ಹೊಸ ಮನಿ, ಹೊಸ ಸಾಲಿ' ಎಂದು ದಿನ ಎಣಿಸಬೇಡಿ.

ಅಂಗನವಾಡಿ ಎಂದೊಡನೆ ಗಂಡನ ಮುಖ ಸಣ್ಣದಾಯಿತು. ಬಡವರ ಮಕ್ಕಳ ಜಾಗವೆಂಬ ಭಾವನೆ ನಮ್ಮ ಮಧ್ಯಮ ವರ್ಗದಲ್ಲಿ ಗಟ್ಟಿಯಾಗಿದೆ. 1975ರಲ್ಲಿ ಶುರುವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಕೇಂದ್ರಗಳಿವು. 3ರಿಂದ 6 ವರ್ಷದ ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣ ಕೊಡುವುದು ಅವುಗಳ ಕೆಲಸಗಳಲ್ಲೊಂದು. ನಾಲ್ಕು ತಿಂಗಳು ಹಾಡು, ಕಥೆ, ಓರಗೆಯ ಮಕ್ಕಳು ಸಿಕ್ಕರೆ ಈ ವಯಸ್ಸಿನ ಮಗುವಿಗೆ ನಷ್ಟವಾಗುವುದು ಏನೆಂದು ನನಗೆ ತಿಳಿಯದು. ದಿನಾಲೂ ಬಸ್ಸಿನಲ್ಲಿ ತೂಕಡಿಸುತ್ತ ಹೋಗಿಬಂದರೆ ಆಗುವ ನಷ್ಟ ಮಾತ್ರ ತಿಳಿದಿದೆ.

ಸಹೋದ್ಯೋಗಿಯ ಆಕ್ಷೇಪ ಇಲ್ಲಿಯೇ. ಆಪ್ತಸಲಹೆಗಾರರು ಕೇಳಿಸಿಕೊಳ್ಳಬೇಕು, ತೀರ್ಮಾನವನ್ನು ಬಂದವರಿಗೇ ಬಿಡಬೇಕು. ಪತ್ರದ ಒಕ್ಕಣೆಯವರೆಗೆ ಹೋಗುವುದು ನಮ್ಮ ಕೆಲಸವಲ್ಲ ಎಂದು ಅವರ ವಾದ. ತತ್ವವಾಗಿ ಒಪ್ಪುತ್ತೇನೆ. ಆದರೆ ಆ ದಂಪತಿಗಳ ಅರ್ಧ ಹೆದರಿಕೆ ತಪ್ಪು ತಿಳಿವಳಿಕೆಯಿಂದ ಬಂದದ್ದಾಗಿತ್ತು. ಈ ವರ್ಷ ನರ್ಸರಿ ತಪ್ಪಿದರೆ ಮಗ ಒಂದು ವರ್ಷ ಹಿಂದೆ ಬೀಳುತ್ತಾನೆ ಎಂದು ಗಂಡ ನಂಬಿದ್ದರು. ಒಂದನೆಯ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂದು ರಾಜ್ಯ ಸರ್ಕಾರ 2022ರಲ್ಲಿ ಆದೇಶಿಸಿದೆ. 2025–26ರಲ್ಲಿ ಒಂದು ವರ್ಷದ ಮಟ್ಟಿಗೆ ಸಡಿಲಿಸಿದ್ದೂ ಉಂಟು. ಈ ಮಗು ಮರುವರ್ಷ ನೇರವಾಗಿ ಎಲ್‌ಕೆಜಿಗೆ ಸೇರಿದರೂ ಒಂದನೆಯ ತರಗತಿಗೆ ಬರುವಾಗ 6 ವರ್ಷ 9 ತಿಂಗಳಿನವನಾಗಿರುತ್ತಾನೆ. ಇನ್ನೊಂದೆಡೆ, ಸೀಟು ಕಾಯ್ದಿಡುವುದು ಶಾಲೆಯ ಕರ್ತವ್ಯವೆಂದೂ ಅವರು ತಿಳಿದಿದ್ದರು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಹಕ್ಕು 6ರಿಂದ 14 ವರ್ಷದ ಮಕ್ಕಳದು. ಶುಲ್ಕ ಕಟ್ಟಿ ಪಡೆದ ಖಾಸಗಿ ನರ್ಸರಿಯ ಸೀಟನ್ನು ಖಾಲಿ ಇರಿಸಿಕೊಳ್ಳುವ ಹಕ್ಕು ಅದರಿಂದ ಬರುವುದಿಲ್ಲ. ಅದು ಪಾಲಕರಿಗೂ ಶಾಲೆಗೂ ನಡುವಿನ ಒಪ್ಪಂದ, ಆದ್ದರಿಂದಲೇ ಕಾಗದ ಬೇಕು. ಇಷ್ಟನ್ನು ತಿಳಿದಿದ್ದೂ ಹೇಳದೆ ತಲೆಯಾಡಿಸುತ್ತ ಕೂಡುವುದನ್ನು ನಾನು ಸಂಯಮವೆಂದು ಕರೆಯಲಾರೆ.

ನನ್ನ ತಪ್ಪು ಬೇರೆ ಇದೆ. ಹೆಂಡತಿಯ ಹಗಲು ಹೇಗೆ ಕಳೆಯುತ್ತದೆಂದು ಮೊದಲ ದಿನವೇ ಕೇಳಬೇಕಿತ್ತು. ಎರಡು ಭೇಟಿಗಳನ್ನು ನಾನು ಬಸ್ಸಿನ ವೇಳೆಯಲ್ಲಿ ಕಳೆದೆ. ಈಗ ಇಂಥವರು ಬಂದರೆ, ಮಗು ಶಾಲೆಯಲ್ಲಿರುವ ಮೂರು ತಾಸು ತಾಯಿ ಎಲ್ಲಿರುತ್ತಾಳೆ ಎಂಬುದೇ ನನ್ನ ಮೊದಲ ಪ್ರಶ್ನೆ.

ಶಾಲೆಯವರು ಮೊದಲ ಅವಧಿಯ ಶುಲ್ಕ ಕಟ್ಟಿಸಿಕೊಂಡು ದಸರಾ ರಜೆಯವರೆಗೆ ಸೀಟು ಉಳಿಸುವುದಾಗಿ ಬರೆದುಕೊಟ್ಟರು. ಹಣ ಹಿಂದಿರುಗಿಸುವುದಿಲ್ಲವೆಂದೂ ಅದರಲ್ಲೇ ಬರೆದರು. ದಸರೆಗೂ ಮನೆ ಆಗಲಿಲ್ಲ. ಕಟ್ಟಡ ವಾಸಕ್ಕೆ ಸಿದ್ಧವಾಗಿದೆಯೆಂದು ಸ್ಥಳೀಯ ಆಡಳಿತ ಕೊಡುವ ಸ್ವಾಧೀನಾನುಭವ ಪತ್ರವಿಲ್ಲದ ಕಟ್ಟಡಗಳಿಗೆ ವಿದ್ಯುತ್ ಸಂಪರ್ಕ ಕೊಡಬಾರದೆಂದು ಸುಪ್ರೀಂ ಕೋರ್ಟು 2024ರ ಡಿಸೆಂಬರ್‌ನಲ್ಲಿ ಹೇಳಿದ ಮೇಲೆ ಹಲವು ಮನೆಗಳು ಸಿಕ್ಕಿಕೊಂಡಂತೆ ಇದೂ ಸಿಕ್ಕಿಕೊಂಡಿತು. ಅವಧಿ ಮುಗಿದು ಸೀಟು ಹೋಯಿತು. ಧನುರ್ಮಾಸ ಕಳೆದು, ಸಂಕ್ರಾಂತಿಯ ನಂತರ ಗೃಹಪ್ರವೇಶವಾಯಿತು. ಮಗ ಜೂನ್‌ನಲ್ಲಿ ಅದೇ ಶಾಲೆಯ ಎಲ್‌ಕೆಜಿಗೆ ಹೊಸ ಅರ್ಜಿಯ ಮೇಲೆ ಸೇರಿದ. ಒಂದು ಅವಧಿಯ ಶುಲ್ಕ ನೀರಿನಲ್ಲಿ ಹೋಯಿತೆಂದು ಗಂಡ ಈಗಲೂ ನನ್ನ ಲೆಕ್ಕಕ್ಕೆ ಹಾಕುತ್ತಾರೆ, ಆ ಲೆಕ್ಕ ತಪ್ಪೆಂದು ನಾನು ವಾದಿಸಿಲ್ಲ. ಹೆಂಡತಿ ಜುಲೈಯಲ್ಲಿಯೇ, ಮಗ ಅಂಗನವಾಡಿಗೆ ಹೋಗತೊಡಗಿದ ಮೇಲೆ, ಮನೆಯ ಹತ್ತಿರದ ಅಂಗಡಿಯೊಂದರ ಲೆಕ್ಕ ಬರೆಯಲು ಬೆಳಗಿನ ಹೊತ್ತು ಹೋಗಲು ಶುರು ಮಾಡಿದ್ದರು. ಕೆಲಗೇರಿಯ ಗೋಡೆಗಳಿಗೆ ನೀರು ಹೊಡೆಯಲು ಪಕ್ಕದ ಸೈಟಿನ ಕಾವಲುಗಾರನನ್ನು ಗೊತ್ತುಮಾಡಿದ್ದರಂತೆ.